ಮಾರಕ್ಕ ಕಾಯ್ದ ಒಡ್ಡು

ಬಹಳ ಹಿಂದೆ, ಕರಿಹೊಳೆ ಹರಿಯುವ ಒಂದು ರಾಜ್ಯದಲ್ಲಿ ಕೆಂಗಣ್ಣನೆಂಬ ಮಾಂತ್ರಿಕನಿದ್ದ. ಮುಳುಗಿ ಸತ್ತವರ ಉಳಿದ ಆಯುಸ್ಸೆಲ್ಲ ಅವನ ಪಾಲಾಗುತ್ತಿತ್ತು. ಅದಕ್ಕೇ ಪ್ರತಿ ಮಳೆಗಾಲವೂ ಗುಡ್ಡದ ಮೇಲೆ ಕೂತು ಹೊಳೆಯನ್ನು ಊರ ಮೇಲೆ ಛೂ ಬಿಡುತ್ತಿದ್ದ.

ಹಾಗೆ ಹೋದವರಲ್ಲಿ ಮಾರಕ್ಕನ ಮಗಳು ನಿಂಗಿಯೂ ಒಬ್ಬಳು. ಹೆಣ ಕೂಡ ಸಿಗಲಿಲ್ಲ. ಮಾರಕ್ಕ ಮಣ್ಣು ಹೊರುವ ಕುಲದವಳು, ಬುಟ್ಟಿ ಎತ್ತಿದಳು. ಅವಳನ್ನು ನೋಡಿ ಊರೂ ಬುಟ್ಟಿ ಎತ್ತಿತು. ಬೇಸಿಗೆಯೆಲ್ಲ ಜೇಡಿಮಣ್ಣು ಹೊತ್ತು, ತುಳಿದು, ಹೊಳೆಗೆ ಅಡ್ಡ ಒಡ್ಡು ಕಟ್ಟಿದರು. ಹೆಚ್ಚಾದ ನೀರು ಬಂಜರಿನತ್ತ ಹೋಗಲೆಂದು ಪಕ್ಕದಲ್ಲಿ ಕೋಡಿ ಬಿಟ್ಟರು.

ಮಳೆ ಹಿಡಿಯಿತು. ಮಾಂತ್ರಿಕ ಮೊದಲು ಎತ್ತಿನ ಗಾತ್ರದ ಏಡಿಯನ್ನು ಕಳಿಸಿದ. ಅದು ಒಡ್ಡಿನ ಬುಡ ಕೊರೆಯಿತು. ಮಾರಕ್ಕ ಅದರ ಬಿಲಕ್ಕೆ ಸುಟ್ಟ ಸುಣ್ಣ ಸುರಿದಳು; ಏಡಿ ಒಳಗೇ ಬೆಂದು ಸತ್ತಿತು.

ಎರಡನೆಯ ಸಲ ಕಬ್ಬಿಣದ ಕೋರೆಯ ಹಂದಿ ಬಂತು. ಒಡ್ಡಿನ ನೆತ್ತಿ ಬಗೆಯಿತು. ತಡೆಯಹೋದ ಊರಗೌಡ ಬೊಮ್ಮಣ್ಣನನ್ನು ಸೀಳಿಹಾಕಿತು. ಮಾರಕ್ಕ ಗುದ್ದಲಿಯಿಂದ ಅದರ ಹಣೆಗೆ ಹೊಡೆದಳು. ಹಂದಿ ಹೊಳೆಗೆ ಉರುಳಿತು. ಗೌಡನಿಗಾಗಿ ಅಳಲೂ ಹೊತ್ತಿರಲಿಲ್ಲ, ಹಂದಿ ಬಗೆದ ಕಡೆ ಮಣ್ಣು ತುಂಬಬೇಕಿತ್ತು.

ಮೂರನೆಯ ಸಲ ಯಾವ ಮೃಗವೂ ಬರಲಿಲ್ಲ. ಒಡ್ಡಿನಲ್ಲಿ ಸಣ್ಣದೊಂದು ಬಿರುಕು ಬಿಟ್ಟಿತು. ಒಳಗಿಂದ ದನಿ ಬಂತು.

"ಅವ್ವಾ..."

ಮಾರಕ್ಕನ ಕೈಯಿಂದ ಮಣ್ಣಿನ ಹೆಂಟೆ ಜಾರಿತು. "ಯಾರದು?"

"ನಾನವ್ವಾ, ನಿಂಗಿ. ಇಲ್ಲಿ ಬಾಳ ಚಳಿ. ಒಂದಿಷ್ಟು ಮಣ್ಣು ಕೆದರು, ಬಂದುಬಿಡ್ತೀನಿ."

ಬಿರುಕಿನಲ್ಲಿ ಪುಟ್ಟ ಬೆರಳುಗಳು ಕಂಡವು. ಮುಟ್ಟಿದಳು. ಮಗಳ ಬೆರಳೇ. ಗುದ್ದಲಿ ತಾನಾಗಿ ಕೈಗೆ ಬಂತು. ಅಷ್ಟರಲ್ಲಿ ಕೆಳಗೆ ಊರಿನಲ್ಲಿ ಯಾರದೋ ಕೂಸು ಅತ್ತಿತು.

ಮಾರಕ್ಕ ಗುದ್ದಲಿ ಕೆಳಗಿಟ್ಟಳು. "ನನ್ನ ನಿಂಗಿ ಇನ್ನೊಬ್ಬರ ಕೂಸನ್ನ ಮುಳುಗಿಸಿ ಮನೆಗೆ ಬರೋಳಲ್ಲ," ಎಂದಳು.

ಆ ಬೆರಳುಗಳ ಮೇಲೆಯೇ ಮಣ್ಣು ಮೆತ್ತಿದಳು. ದನಿ ಕಿರುಚಿತು, ಬೇಡಿತು, ಶಪಿಸಿತು. ಅವಳು ಹಿಮ್ಮಡಿಯಿಂದ ತುಳಿಯುತ್ತಲೇ ಹೋದಳು. ಕೊನೆಗೆ ದನಿ ನಿಂತಿತು.

ಊರು ಸಿಗದ ಹೊಳೆ ಹಸಿದು ಹಿಂದಕ್ಕೆ ಹೊರಳಿತು. ತನ್ನನ್ನು ಕಳಿಸಿದವನನ್ನೇ ಹುಡುಕಿಕೊಂಡು ಗುಡ್ಡ ಹತ್ತಿತು. ಕೆಂಗಣ್ಣ ಮಂತ್ರ ಹೇಳಲು ಬಾಯಿ ತೆರೆದ. ಬಾಯಿ ತುಂಬ ನೀರು ನುಗ್ಗಿತು. ಅವನು ಮುಳುಗಿದ್ದೇ ತಡ, ಮಾಟ ಕಳಚಿತು. ನೀರು ಸುಮ್ಮನೆ ಕೋಡಿ ಹಿಡಿದು ಹರಿಯಿತು. ಸತ್ತವರು ಮಾತ್ರ ಮರಳಲಿಲ್ಲ.

ಆ ವರ್ಷ ಒಡ್ಡಿನ ಕೆಳಗೆ ಭತ್ತ ತೂಗಿತು. ಹೊಸ ಅಕ್ಕಿಯ ಅನ್ನವನ್ನು ಊರವರು ಮೊದಲು ಮಾರಕ್ಕನಿಗೆ ಬಡಿಸಿದರು. ಅವಳು ಹೊಟ್ಟೆ ತುಂಬ ಉಂಡಳು. ಉಂಡು, ಮಗಳ ಹೆಸರು ಹಿಡಿದು ಗಟ್ಟಿಯಾಗಿ ಅತ್ತಳು. ಅವಳ ಅಳು ತೀರುವವರೆಗೂ ಯಾರೂ ಏಳಲಿಲ್ಲ.

ಆಮೇಲೆ ಊರು ಸುಖವಾಗಿ ಬಾಳಿತು, ಮಾರಕ್ಕನೂ ಬಾಳಿದಳು.