ಮಾರ್ತೀನಿ ಅಂದವಳು

"ಹೊರಗ ನಡೀರಿ! ಒಂದು ಹೆಜ್ಜಿ ಒಳಗ ಇಡಬ್ಯಾಡ್ರಿ!"

ಸಂಭಾಜಿನಗರದ ಚಿಕಲಠಾಣಾದಲ್ಲಿ ಕಾರ್ಖಾನೆಗಳ ಹಿಂದಿನ ತಗಡಿನ ಕೊಟ್ಟಿಗೆಗೆ ಅಡ್ಡ ನಿಂತು ಗುಡುಗಿದವನು ಪಶುವೈದ್ಯ ಶಿವಕಾಂತ. ನಾಸಿಕ್‌ನಿಂದ ಬಸ್ಸಿನುದ್ದಕ್ಕೂ ಅಳು ನುಂಗಿಕೊಂಡು ಬಂದಿದ್ದ ಭುವನೇಶ್ವರಿಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಕುದುರಿ ಅದು! ನಾ ನೋಡಬಾರದೇನು?"

"ತಲಿ ಒಡಕೊಂಡು ಬಿದ್ದಾಗ ಎಲ್ಲಿದ್ರಿ?"

ಮಾತು ಎದೆಗೇ ನಾಟಿತು. ಎಲ್ಲಿದ್ದಳು? ನಾಸಿಕ್‌ನ ಪಂಚವಟಿಯ ಮನೆಯಲ್ಲಿ, ತನ್ನ ಕುದುರೆ ಬಿಜಲಿ ಮರಳಿ ಬರುತ್ತಾಳೆಂದು ಕಡಲೆ ನೆನೆಹಾಕಿ ಕೂತಿದ್ದಳು! ಮದುವೆ ಮೆರವಣಿಗೆಗೆಂದು ಅಪ್ಪ ರೇವಣಪ್ಪ ಬಿಜಲಿಯನ್ನು ಸಂಭಾಜಿನಗರಕ್ಕೆ ಕರೆತಂದಿದ್ದ. ವರನ ಗೆಳೆಯರು ಅವಳ ಕಾಲಬುಡದಲ್ಲೇ ಪಟಾಕಿ ಸರ ಹಚ್ಚಿದರಂತೆ. ಬೆದರಿ ಮುಂಗಾಲೆತ್ತಿದವಳು ಹಿಂದಕ್ಕೆ ಮಗುಚಿದಳು... ತಲೆ ನೇರ ಕಾಂಕ್ರೀಟಿಗೆ! ಅವಳನ್ನು ಈ ಡಾಕ್ಟರನ ಬಳಿ ಬಿಟ್ಟು, ಅಪ್ಪ ಖಾಲಿ ಹಗ್ಗ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಿದ್ದ.

"ನಿಮ್ಮಪ್ಪ ಫೋನಿನ್ಯಾಗ ಏನಂದ್ರು ಗೊತ್ತದೇನು?" ಎಂದ ಶಿವಕಾಂತ. "'ಮಾರಿಬಿಡ್ರಿ ಡಾಕ್ಟರ್' ಅಂದ್ರು! ನಂಗ ಕನ್ನಡ ಮಾತಾಡ್ಲಿಕ್ಕ ಸರಿ ಬರಂಗಿಲ್ಲ ಖರೆ, ಆದ್ರ ತಿಳೀತದ!"

ಬೀದರದ ಮನೆತನವಾದರೂ ಅವನು ಇಲ್ಲೇ ಹುಟ್ಟಿ, ಮರಾಠಿ ಶಾಲೆಯಲ್ಲಿ ಓದಿದವನು. ತಾಯಿಯ ಕನ್ನಡ ಅವನ ಬಾಯಲ್ಲಿ ಕುಂಟುತ್ತಿತ್ತು.

ಮಾರಿಬಿಡ್ರಿ? ನನಗೊಂದು ಮಾತು ಕೇಳದೆ! ಅಪ್ಪನ ಮೇಲೆ ಬಂದ ಸಿಟ್ಟನ್ನೆಲ್ಲ ಅವಳು ಎದುರಿಗಿದ್ದವನ ಮೇಲೇ ಸುರಿದಳು.

"ಅಂದ್ರ ಏನಾತು? ಮರಿ ಇದ್ದಾಗಿಂದ ಸಾಕೀನಿ ನಾ! ಮಾರೋದಿದ್ರ ನಾನೇ ಮಾರ್ತೀನಿ, ಕೇಳ್ಲಿಕ್ಕ ನೀವ್ಯಾರು?"

ಅವನ ಮುಖ ಬಿಳುಚಿತು. "ನೀವು... ನಿಮ್ಮ ಕೈಯಾರೆ?"

"ಹೌದು! ನನ್ನ ಕೈಯಾರೆ!"

"ಛೀ! ಮನುಷ್ಯಾರೇನ್ರೀ ನೀವು?"

ಅವನನ್ನು ಪಕ್ಕಕ್ಕೆ ತಳ್ಳಿ ಒಳನುಗ್ಗಿದವಳು ಅಲ್ಲೇ ಕಲ್ಲಾದಳು.

ಕಿಟಕಿಗೆಲ್ಲ ಗೋಣಿತಟ್ಟು ಕಟ್ಟಿ ಕತ್ತಲು ಮಾಡಿದ ಮೂಲೆಯಲ್ಲಿ ಬಿಜಲಿ ಗೋಡೆಗೆ ಒರಗಿ ನಿಂತಿದ್ದಳು. ತಲೆ ಒಂದು ಪಕ್ಕಕ್ಕೆ ವಾಲಿತ್ತು. ಎಡಗಿವಿ ಬಾಡಿದ ಎಲೆಯಂತೆ ಜೋತಿತ್ತು. ಎಡಗಣ್ಣಿಗೆ ರೆಪ್ಪೆ ಬಡಿಯುವುದೇ ಮರೆತುಹೋಗಿತ್ತು. ಕೆಳದುಟಿಯಿಂದ ಜೊಲ್ಲು ತೊಟ್ಟಿಕ್ಕುತ್ತಿತ್ತು.

ಭುವನೇಶ್ವರಿಗೆ ಹೆಸರು ಹಿಡಿದು ಕರೆಯಲೂ ಆಗಲಿಲ್ಲ. ತನಗೇ ತಿಳಿಯದಂತೆ, ಅಜ್ಜಿ ಲಿಂಗಪೂಜೆಯ ಹೊತ್ತಿಗೆ ಹೇಳುತ್ತಿದ್ದ ವಚನ ಅವಳ ತುಟಿಗೆ ಬಂತು. ಮರಿ ಬಿಜಲಿಗೆ ಹಾಲು ಕುಡಿಸುವಾಗಲೂ ಭುವನೇಶ್ವರಿ ಅದನ್ನೇ ಹೇಳುತ್ತಿದ್ದಳು... ಅದೇ ಏರಿಳಿತ, ಅದೇ ನಿಲುಗಡೆ.

ಜೋತಿದ್ದ ಕಿವಿ ನಡುಗಿತು. ಮೆಲ್ಲಗೆ ಅವಳತ್ತ ಹೊರಳಿತು!

"ಥಾಂಬಾ... ನಿಲ್ರಿ, ಇನ್ನೊಮ್ಮೆ ಅನ್ರಿ," ಹಿಂದಿನಿಂದ ಶಿವಕಾಂತ ಪಿಸುಗುಟ್ಟಿದ. "ಇಲ್ಲೀತನಕ ಯಾರ ದನಿಗೂ ಆ ಕಿವಿ ಎದ್ದಿಲ್ಲ."

ಅವಳು ಹೇಳಿದಳು. ಅವನು ಕೈಕಟ್ಟಿ, ಪೂಜೆಯಲ್ಲಿ ನಿಂತವನಂತೆ ಕೇಳಿದ. ಮುಗಿದ ಮೇಲೆ ಮತ್ತೆ ಮುಖ ಗಂಟಿಕ್ಕಿಕೊಂಡ.

"ಇರ್ರಿ. ಆದ್ರ ನನ್ನ ಕಣ್ಣ ಮುಂದೇ ಇರಬೇಕು."

ಸೋದರತ್ತೆ ಪ್ರೇಮಾಬಾಯಿಯ ಮನೆಯಲ್ಲಿ ಉಳಿದು, ಅವಳು ದಿನಾ ಬೆಳಗಾದರೆ ಕೊಟ್ಟಿಗೆಗೆ ಬಂದಳು. ಬಿಜಲಿಗೆ ಅಗಿಯಲಾಗದು, ಬೂಸಾ ಗಂಜಿಯನ್ನು ತೆಳ್ಳಗೆ ಮಾಡಿ ಅಂಗೈಯಲ್ಲಿ ಉಣಿಸಬೇಕು. ತಾನಾಗಿ ಬಕೆಟ್ಟಿಗೆ ಬಾಯಿ ಹಾಕಿದರೆ ಮಾತ್ರ ಬದುಕಿನ ಭರವಸೆ ಎಂದಿದ್ದ ಡಾಕ್ಟರ್.

ಆದರೆ ಈ ಡಾಕ್ಟರನದೇನು ಹುಚ್ಚು! ಅವಳು ತಂದ ಗಂಜಿಗೆ ಪ್ರತಿ ಸಲವೂ ಬೆರಳು ಅದ್ದಿ, ಮೊದಲು ತಾನೇ ನೆಕ್ಕುತ್ತಿದ್ದ!

"ಮನ್ಯಾಗ ಊಟ ಹಾಕಂಗಿಲ್ಲೇನ್ರೀ? ಒಂದು ಗಂಗಾಳ ತರ್ಲೇನು?"

"ಉಪ್ಪು ಕಮ್ಮಿ ಅದ," ಎಂದು ಮುಖ ಕಿವುಚಿ ಬಕೆಟ್ಟು ಮರಳಿಸುತ್ತಿದ್ದ.

ಎಂಥ ಸೊಕ್ಕು! ಆದರೂ... ಮುಚ್ಚದ ಆ ಕಣ್ಣಿಗೆ ಮುಲಾಮು ಹಚ್ಚುವಾಗ ಅವನ ಬೆರಳು ಹೂ ಮುಟ್ಟಿದಂತೆ ಮುಟ್ಟುತ್ತಿತ್ತು. ಒಂದು ಮಧ್ಯಾಹ್ನ ಬಿಜಲಿಯ ಕಾಲು ತಡವರಿಸಿದಾಗ, ಇಬ್ಬರೂ ಹೆಗಲು ಕೊಟ್ಟು ಗೋಡೆಗೆ ಒತ್ತಿ ಹಿಡಿದರು. ಅವಳ ಬೆವರು, ಅವನ ಬೆವರು, ಬಿಜಲಿಯ ಬಿಸಿಯುಸಿರು... ಆಗ ಅವನು ಕಣ್ಣು ಮುಚ್ಚಿ, ಅವಳ ಅಜ್ಜಿಯ ವಚನವನ್ನೇ ತಪ್ಪುತಪ್ಪಾಗಿ ಹೇಳುತ್ತಿದ್ದ!

ಇಂಥವನ ಮೇಲೆ ಸಿಟ್ಟು ನಿಲ್ಲುತ್ತಿಲ್ಲವೆಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಒಂದು ಬೆಳಿಗ್ಗೆ ರೇವಣಪ್ಪ ಬಂದ. ಹೆಗಲ ಮೇಲೆ ಅದೇ ಹಗ್ಗ.

"ಭುವನಾ, ಬಿಡಕಿನ್ ಊರ ಕಡೆ ಒಬ್ಬಾವ ಸಿಕ್ಕಾನ. ಇವತ್ತೇ ಮಾರಿ ಮುಗಸೋಣು."

ಶಿವಕಾಂತ ಕೈಗೆ ಸಿಕ್ಕ ಕಸಬರಿಗೆಯನ್ನೇ ಎತ್ತಿ ಬಿಜಲಿಯ ಮುಂದೆ ನಿಂತ. ಕಣ್ಣು ಕೆಂಡ!

"ಮೊದಲು ನನ್ನ ಮಾರ್ರಿ! ಆಮ್ಯಾಲ ಕುದುರಿ!"

ರೇವಣಪ್ಪ ತಬ್ಬಿಬ್ಬಾದ. "ನಿಮ್ಮನ್ನ ಯಾರು ತಗೋತಾರ್ರೀ ಡಾಕ್ಟರ್?"

ಭುವನೇಶ್ವರಿಯ ಎದೆಯಲ್ಲಿ ಏನೋ ಮಿಂಚಿತು. "ಒಂದ್ನಿಮಿಷ... ಮಾರೋದು ಅಂದ್ರ ಏನಂತ ತಿಳ್ಕೊಂಡೀರಿ ನೀವು?"

"ಇನ್ನೇನು? ಮಾರ್ನಾ! ಜೀವ ತಗ್ಯೋದು!"

"ಅಯ್ಯ ಶಿವನ! ಅದು ಹಿಂದಿ! ಕನ್ನಡದಾಗ ಮಾರೋದು ಅಂದ್ರ ನಿಮ್ಮ ಮರಾಠಿ ವಿಕಣೆ... ವಿಕಣೆ ರೀ!"

ಕಸಬರಿಗೆ ಅವನ ಕೈಯಿಂದ ಜಾರಿತು. "ಹಂಗಾದ್ರ... 'ನನ್ನ ಕೈಯಾರೆ' ಅಂದಿದ್ದು..."

"ಕೊಲ್ತೀನಿ ಅಂತ ತಿಳಿದ್ರಾ? ಅದಕ್ಕ ಗಂಜಿ ನೆಕ್ಕಿದ್ರಾ? ವಿಷ ಇದ್ದಿದ್ರ ನೀವೇ ಸಾಯ್ತಿದ್ರಲ್ರೀ!"

"ಅವಳ ಬಾಯಿಗೆ ಹೋಗೋಕ್ಕಿಂತ ಮೊದಲು ಗೊತ್ತಾಗ್ತಿತ್ತಲ್ಲ," ಎಂದ ಅವನು, ಅದೇನು ದೊಡ್ಡ ಮಾತು ಎನ್ನುವಂತೆ.

ಅವಳ ಕಣ್ಣು ತುಂಬಿ ಬಂತು. ಅವನ ಸಿಟ್ಟು ಮಾತ್ರ ಇಳಿದಿರಲಿಲ್ಲ, ರೇವಣಪ್ಪನತ್ತ ತಿರುಗಿತು.

"ವಿಕಣೆ ಅಂದ್ರೂ ಏನ್ರೀ? ಈ ಸೊಟ್ಟ ತಲಿ ಕುದುರೀನ ತಗೊಂಡಾವ ಎಷ್ಟು ದಿನ ಕೈಯಾಗ ಉಣಸ್ತಾನ? ಎರಡೂ ಒಂದೇ ಅಲ್ಲೇನು?"

ರೇವಣಪ್ಪ ಹೆಗಲ ಹಗ್ಗ ಸರಿಮಾಡಿಕೊಂಡ.

"ಅಪ್ಪಾ, ನಾ ಮಾರಂಗಿಲ್ಲ," ಎಂದಳು ಭುವನೇಶ್ವರಿ. ಸಿಟ್ಟಿನಲ್ಲಿ ಅಂದಿದ್ದನ್ನು ಸಿಟ್ಟಿನಲ್ಲೇ ಅಳಿಸಿಹಾಕಿದಳು. "ಯಾವ ಭಾಷಾದಾಗೂ ಮಾರಂಗಿಲ್ಲ!"

"ಹುಚ್ಚಿ!" ರೇವಣಪ್ಪನೂ ರೇಗಿದ. "ಮದವಿ ಕುದುರಿ ಇದು! ಇಂಥಾ ಕುದುರಿ ಯಾವ ವರ ಹತ್ತುತಾನ?"

"ನಾ ಹತ್ತಂಗಿಲ್ಲ," ಎಂದ ಶಿವಕಾಂತ ಥಟ್ಟನೆ. "ಬಾಜೂಕ ನಡ್ಕೋತ ಬರ್ತೀನಿ. ಪಟಾಕಿ ಇಲ್ಲ, ಬ್ಯಾಂಡ್ ಇಲ್ಲ. ವಚನ ಹೇಳ್ಕೋತ... ನಿಮ್ಮ ಮಗಳು ತಪ್ಪು ತಿದ್ದಿದ್ರ."

ರೇವಣಪ್ಪ ಅವನ ಮುಖ ನೋಡಿದ, ಮಗಳ ಕೆಂಪಾದ ಮುಖ ನೋಡಿದ. ಹೆಗಲ ಮೇಲಿನ ಹಗ್ಗ ತೆಗೆದು ಮಗಳ ಕೈಗಿಟ್ಟು ಹೊರಗೆ ಹೋದ. ಗಿರಾಕಿಗೆ ಫೋನಿನಲ್ಲಿ "ಇಲ್ರಿ, ಕೊಡಂಗಿಲ್ರಿ" ಎನ್ನುತ್ತಿದ್ದುದು ಒಳಗೆ ಕೇಳಿಸಿತು.

"ನನ್ನ ಕೇಳದೇ ಮದವಿ ತನಾ ಹೋದ್ರಲ್ಲ!" ಭುವನೇಶ್ವರಿ ಸಿಡಿದಳು. "ಸಿಟ್ಟು ಬರಂಗಿಲ್ಲೇನು ನಂಗ?"

"ಬರ್ತದ. ಬರ್ಲಿ. ಆ ಸಿಟ್ಟು ಇಲ್ಲದಿದ್ರ ಈ ಕೊಟ್ಟಿಗಿ ನಂಗ ಬಿಕೋ ಅಂತದ." ದನಿ ತಗ್ಗಿತು. "ಈಗ ಕೇಳ್ತೀನಿ... ಬರ್ತೀರಾ ನನ್ನ ಜೋಡಿ?"

ಅವಳು ಗಂಜಿಯ ಬಕೆಟ್ಟನ್ನು ಅವನ ಮುಂದೆ ಹಿಡಿದಳು.

"ಮೊದಲು ಉಪ್ಪು ನೋಡ್ರಿ."

ಅವನು ಬೆರಳು ಅದ್ದುವಷ್ಟರಲ್ಲಿ, ಇಬ್ಬರ ನಡುವೆ ಸೊಟ್ಟ ತಲೆಯೊಂದು ನುಗ್ಗಿ ತಾನಾಗಿ ಬಕೆಟ್ಟಿಗೆ ಬಾಯಿ ಹಾಕಿತು! ಗಂಜಿ ಇಬ್ಬರ ಮೈಮೇಲೂ ಸಿಡಿಯಿತು.

ಅವನು ಅಳುತ್ತ, ನಗುತ್ತ ಬೆರಳು ನೆಕ್ಕಿದ.

"ಸರಿ ಅದ, ಭುವನಾ."

"ಹಂಗಿದ್ರ... ಹೌದು."