ಮೊಣಕೈಯ ಸುಟ್ಟ ಗುರುತು

ಮಂಗಳವಾರ ಬೆಳಗ್ಗೆ 9.40ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ತಮ್ಮನ ಎರಡು ಪಾದಾನೂ ಬೆಂದುಹೋಗಿದೆ ಸಾರ್. ನಾಳೆ ಹನ್ನೊಂದು ಗಂಟೆಗೆ ಆಸ್ಪತ್ರೆಯಿಂದ ಬಿಡ್ತಾರೆ. ಮತ್ತೆ ಅದೇ ಮನೆಗೆ ಕಳಿಸ್ತಾರಂತೆ."

ತಮ್ಮನಿಗೆ ಮೂವತ್ತಾರು ವರ್ಷ. ಮಾತು ಬಾರದು, ಊಟ, ಸ್ನಾನ, ಮಾತ್ರೆ ಎಲ್ಲಕ್ಕೂ ಜೊತೆಗೊಬ್ಬರು ಬೇಕು. ಅಕ್ಕನಿಗೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದ ಮೇಲೆ, ಹನ್ನೊಂದು ತಿಂಗಳ ಹಿಂದೆ, ಇಂಥವರಿಗೆ ಆಸರೆ ಹುಡುಕುವ ಸಂಸ್ಥೆಯೊಂದು ಅವನನ್ನು ತರಬೇತಿ ಪಡೆದ ಕುಟುಂಬವೊಂದರ ಮನೆಯಲ್ಲಿ ಅವರಲ್ಲೊಬ್ಬನಂತೆ ಇರಿಸಿತ್ತು. ಅಂಥ ಇನ್ನೊಂದು ಮನೆ ಸದ್ಯಕ್ಕೆ ಖಾಲಿಯಿರಲಿಲ್ಲ. 'ತಾನಾಗಿಯೇ ಬಿಸಿನೀರಿನ ತೊಟ್ಟಿಗೆ ಇಳಿದ. ಆಕಸ್ಮಿಕ' ಎಂದು ಸಂಸ್ಥೆ ವರದಿ ಬರೆದು ಕೈತೊಳೆದುಕೊಂಡಿತ್ತು.

10.15ಕ್ಕೆ ಎಫ್ಐಆರ್ ದಾಖಲಾಯಿತು. ಆಕಸ್ಮಿಕವಲ್ಲವೆಂದು ನಾಳೆಯೊಳಗೆ ತೋರಿಸದಿದ್ದರೆ ಆ ಕಾಗದ ಯಾರನ್ನೂ ತಡೆಯದು ಎಂಬುದು ಇನ್ಸ್‌ಪೆಕ್ಟರಿಗೆ ಗೊತ್ತಿತ್ತು.

12.05ಕ್ಕೆ ಪಂಚರ ಎದುರು ಆ ಮನೆಯ ಬಚ್ಚಲಿನ ಪಂಚನಾಮೆ ಶುರುವಾಯಿತು. ಅಳೆದವರು ದಫೇದಾರರು. ಹೆಣ್ಣು ನೋಡಲು ಹೋದಾಗಲೂ ಜೇಬಿನಲ್ಲಿ ಟೇಪು ಇತ್ತೆಂದು ನಗುವ ಠಾಣೆ ಅವರನ್ನು ಕರೆಯುತ್ತಿದ್ದುದೇ ಸ್ಕೇಲಣ್ಣ ಎಂದು.

"ತೊಟ್ಟಿ ಆಳ ನಲವತ್ತೆರಡು ಸೆಂಟಿಮೀಟರ್. ನಲ್ಲಿ ನೀರು ಅರವತ್ತೊಂದು ಡಿಗ್ರಿ ಸಾರ್. ಕಾಫಿ ಬೆರೆಸಬಹುದು."

ಕೊಳಕು ಮನೆಯೊಂದನ್ನು ನಿರೀಕ್ಷಿಸಿ ಬಂದಿದ್ದ ಇನ್ಸ್‌ಪೆಕ್ಟರ್ ಸುತ್ತ ನೋಡಿದರು. ಇಸ್ತ್ರಿ ಮಾಡಿದ ಅಂಗಿಗಳು, ವಾರ ಬರೆದ ಮಾತ್ರೆ ಡಬ್ಬಿ, ಒಗೆದ ಹಾಸಿಗೆ. ಎಲ್ಲೂ ಬೆರಳಿಟ್ಟು ತೋರಿಸುವಂಥ ಕುಂದಿಲ್ಲ. ಅದೇ ಅವರನ್ನು ಹೆಚ್ಚು ಕಾಡಿತು.

"ನೀವೆಲ್ಲಿದ್ರಿ ಆಗ?"

"ಅಡುಗೆಮನೇಲಿ," ಎಂದಳು ಮನೆಯಾಕೆ. "ಕಿರುಚಿದ್ದು ಕೇಳಿ ಓಡಿಬಂದೆ."

"ಯಜಮಾನರು?"

"ಲಾರಿ ಓಡಿಸ್ತಾರೆ. ಮನೇಲಿರೋದು ತಿಂಗಳಿಗೆ ನಾಲ್ಕು ದಿನ."

"ಅವನು ತಾನೇ ಇಳಿದನಾ?"

"ಮತ್ತೆ? ನಾನೇ ಇಳಿಸೋಕೆ ನನಗೇನು ತಲೆ ಕೆಟ್ಟಿದ್ಯಾ?"

2.30ಕ್ಕೆ ಆಸ್ಪತ್ರೆ. ಡಾಕ್ಟರು ಹಾಸಿಗೆಯ ಪಕ್ಕದಲ್ಲೇ ಕೇಸ್ ಹಾಳೆ ತೆರೆದರು.

"ಎರಡೂ ಕಾಲಲ್ಲಿ ಸುಟ್ಟ ಗೆರೆ ಒಂದೇ ಎತ್ತರಕ್ಕಿದೆ, ಕಾಲುಚೀಲ ಹಾಕಿದ ಹಾಗೆ. ನೀರು ಚಿಮ್ಮಿದ ಕಲೆ ಇಲ್ಲ."

"ಅಂದ್ರೆ ಹಿಡ್ಕೊಂಡಿದ್ರು?"

"ಇರಬಹುದು. ಹೆದರಿ ಮರಗಟ್ಟಿ ನಿಂತಿರಲೂಬಹುದು. ಕೋರ್ಟಲ್ಲಿ ಎರಡನ್ನೂ ಹೇಳಬೇಕಾಗುತ್ತೆ ನಾನು."

ಇನ್ಸ್‌ಪೆಕ್ಟರ್ ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಎಡ ಮೊಣಕೈ, ನಾಣ್ಯದಗಲ. ಇದೇನು?"

"ಅದು ಚಿಮ್ಮಿದ್ದು."

"ಚಿಮ್ಮೇ ಇಲ್ಲ ಅಂದ್ರಲ್ಲ ಡಾಕ್ಟ್ರೇ?"

ಡಾಕ್ಟರು ಕನ್ನಡಕ ತೆಗೆದರು. ತಮ್ಮನ ತಲೆ ಸವರುತ್ತ ಕೂತಿದ್ದ ಅಕ್ಕ ಮೆಲ್ಲಗೆ ಹೇಳಿದಳು: "ಅದು ನಾನು ಕಲಿಸಿದ್ದು."

ಎಲ್ಲರೂ ಅವಳತ್ತ ತಿರುಗಿದರು.

"ಬಿಸಿ ಅಂತ ಹೇಳೋಕೆ ಇವನಿಗೆ ಬಾಯಿಲ್ಲ. ಅದಕ್ಕೇ ಮೊದಲು ಮೊಣಕೈ ಅದ್ದು, ಹಿತವಾಗಿದ್ರೆ ಇಳಿ, ಸುಟ್ಟರೆ ಹಿಂದೆ ಸರಿ ಅಂತ. ಕಲಿಸೋಕೆ ಎರಡು ವರ್ಷ ಹಿಡೀತು. ಸುಟ್ಟಿದ್ರೆ ಇವನು ಸತ್ತರೂ ಇಳಿಯಲ್ಲ ಸಾರ್."

ಮೊದಲು ಮೊಣಕೈ, ಆಮೇಲೆ ಪಾದ. ನಡುವೆ ಇನ್ನೊಬ್ಬರ ಕೈ ಇರಲೇಬೇಕು. ಇನ್ಸ್‌ಪೆಕ್ಟರ್ ಡಾಕ್ಟರ ಮತ್ತು ಅಕ್ಕನ ಹೇಳಿಕೆಗಳನ್ನು ಅಲ್ಲೇ ಬರೆಸಿಕೊಂಡರು.

5.10ಕ್ಕೆ ಮಹಿಳಾ ಪೇದೆ ಮತ್ತು ಸ್ಕೇಲಣ್ಣನೊಂದಿಗೆ ಮತ್ತೆ ಆ ಮನೆಗೆ ಹೋದರು. ಈ ಸಲ ಒಂದೇ ಪ್ರಶ್ನೆ.

"ದಿನಾ ಸ್ನಾನಕ್ಕೆ ಮುಂಚೆ ಅವನೇನು ಮಾಡ್ತಿದ್ದ?"

ಮನೆಯಾಕೆಯ ಬಲಗೈ ತನ್ನರಿವಿಲ್ಲದೆ ಎಡ ಮೊಣಕೈಯನ್ನು ಮುಟ್ಟಿತು. ಅದನ್ನು ತಾನೇ ಕಂಡು, ಕೈ ಕೆಳಗಿಳಿಸಿದಳು.

"ಹನ್ನೊಂದು ತಿಂಗಳು ಸಾರ್. ಹೇತಿದ್ದು ಬಾಚಿದೀನಿ, ಜ್ವರ ಬಂದಾಗ ತೊಡೆ ಮೇಲೆ ಮಲಗಿಸ್ಕೊಂಡಿದೀನಿ. ಒಂದೇ ಒಂದು ದಿನಾನೂ ನಾನು ಕೊಟ್ಟ ನೀರನ್ನ ಅವನು ನಂಬಲಿಲ್ಲ. ಅದ್ದೋದು, ನನ್ನ ಮುಖ ನೋಡೋದು. ನಾನೇನೋ ವಿಷ ಹಾಕಿದೀನಿ ಅನ್ನೋ ಹಾಗೆ. ಅವತ್ತು ತಣ್ಣೀರು ಬೆರೆಸೋದು ಮರೆತಿದ್ದೆ. ಅವನು ಹಿಂದೆ ಸರಿದ. ನನಗೆ ಮೈ ಉರೀತು. ಇವತ್ತೂ ನಾಟಕಾನಾ ಅಂತ ಕಾಲು ಎತ್ತಿ ಇಳಿಸಿ ಹೆಗಲು ಒತ್ತಿ ಹಿಡಿದೆ."

"ಅದ್ದೋದು ಯಾಕೆ ಅಂತ ಯಾರೂ ಹೇಳಿರಲಿಲ್ವಾ?"

"ಮಾತ್ರೆ ಪಟ್ಟಿ ಕೊಟ್ರು. ಊಟದ ಪಟ್ಟಿ ಕೊಟ್ರು. ಇದನ್ನ ಯಾರೂ ಹೇಳಲಿಲ್ಲ."

5.35ಕ್ಕೆ ಬಂಧನ. ಅವನು ಈ ಮನೆಗೆ ಮರಳುವುದಿಲ್ಲ, ಬೇರೆ ಮನೆ ಸಿಗುವವರೆಗೆ ಆಸ್ಪತ್ರೆಯಲ್ಲೇ ಇರುತ್ತಾನೆ ಎಂದು ಇನ್ಸ್‌ಪೆಕ್ಟರ್ ಫೋನಿನಲ್ಲಿ ಅಕ್ಕನಿಗೆ ಹೇಳಿದರು.

ಆ ಮನೆಯ ಮೇಜಿನ ಖಾನೆಯಲ್ಲಿ ಮನೆಯಾಕೆ ಸಂಸ್ಥೆಗೆ ಬರೆದಿದ್ದ ಆರು ಅರ್ಜಿಗಳ ಪ್ರತಿಗಳು ಸಿಕ್ಕಿದವು. ಎಲ್ಲದರಲ್ಲೂ ಒಂದೇ ಕೋರಿಕೆ: ಎರಡು ದಿನ ಬದಲಿಗೆ ಯಾರನ್ನಾದರೂ ಕಳಿಸಿ, ನಿದ್ದೆ ಮಾಡಬೇಕು. ಸಂಸ್ಥೆಯ ಉತ್ತರವೂ ಆರು ಸಲ ಒಂದೇ: ಪರಿಶೀಲಿಸಲಾಗುವುದು. ಇನ್ಸ್‌ಪೆಕ್ಟರ್ ಅವನ್ನೂ ಜಪ್ತಿ ಪಟ್ಟಿಗೆ ಸೇರಿಸಿದರು.

ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟ ಮನೆಯಾಕೆ ತಿರುಗಿದಳು.

"ಎಂಟು ಗಂಟೆ ಮಾತ್ರೆ ಬಾಳೆಹಣ್ಣಲ್ಲಿಟ್ಟು ಕೊಡೋಕೆ ಹೇಳಿ ಸಾರ್. ನೀರಲ್ಲಿ ಕೊಟ್ರೆ ಉಗೀತಾನೆ."

ಸ್ಕೇಲಣ್ಣ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ಕೇಳಲಿಲ್ಲ. ಹಾಳೆಯ ಅಂಚಿನಲ್ಲಿ ಬರೆದುಕೊಂಡು ಆಸ್ಪತ್ರೆಗೆ ಫೋನ್ ಮಾಡಿದರು.