ಲಾಂದ್ರದವಳ ಎಡಗಣ್ಣು

"ಇದು ನಕಲಿ ಅಲ್ಲ. ಅಸಲಿ."

ಹಲ್ಲು ಕಟ್ಟುವ ಲ್ಯಾಬಿನ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು ಅವನು ಆಡಿದ ಮೊದಲ ಮಾತು ಅದು. ಹೊಸ ಹಲ್ಲಿಗೆ ಬಣ್ಣ ಹಚ್ಚುತ್ತಿದ್ದ ಅವಳ ಕುಂಚ ಅಲ್ಲೇ ನಿಂತಿತು.

ಪೆಟ್ಟಿಗೆಯ ಗುರುತು ಅವಳಿಗೆ ಹತ್ತಿತು. ಹತ್ತು ದಿನದ ಹಿಂದೆ ತಾನೇ ಟೇಪು ಸುತ್ತಿ, ಲ್ಯಾಬಿನ ವಿಳಾಸ ಬರೆದು ಕಳಿಸಿದ್ದು. ಒಳಗಿರುವುದು ಗೇಣುದ್ದದ ಗೊಂಬೆ, ಲಾಂದ್ರ ಹಿಡಿದು ನಿಂತ ಕಾವಲುಗಾರ್ತಿ. ಮಕ್ಕಳಾಡುವ ಗೊಂಬೆಯಲ್ಲ, ದೊಡ್ಡವರು ಗಾಜಿನ ಕಪಾಟಿನಲ್ಲಿಟ್ಟು ಜೋಪಾನ ಮಾಡುವಂಥದು. ತೀರಿಹೋದ ತಮ್ಮ ತನ್ನ ಮೊದಲ ಸಂಬಳದಲ್ಲಿ ಕೊಂಡಿದ್ದು. ಕಣ್ಣೆದುರು ಇಟ್ಟುಕೊಳ್ಳಲಾಗದೆ ಆನ್‌ಲೈನಿನಲ್ಲಿ ಮಾರಿಬಿಟ್ಟಿದ್ದಳು. ತಮ್ಮನಿದ್ದ ಗೊಂಬೆ ಸಂಗ್ರಹಕಾರರ ಬಳಗದವರು ಹಾಗೆಂದಿದ್ದರಿಂದ 'ನಕಲಿ' ಎಂದೇ ಬರೆದು ಮಾರಿದ್ದಳು.

"ನೀವು ಯಾರು?"

ಅವನು ತಡವರಿಸಿದ.

"ಸಂಗ್ರಹಕಾರರ ಬಳಗದಲ್ಲಿ ನನ್ನನ್ನ... ಭೂತಗನ್ನಡಿ ಅಂತಾರೆ."

ಆ ಹೆಸರು!

ತಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ದ. ಹೊಸ್ತಿಲು ದಾಟಲಾಗದ ಅವನಿಗೆ ಫೋನಿನೊಳಗಿನ ಆ ಬಳಗವೇ ಊರು, ಅವರೇ ಗೆಳೆಯರು. ತಾನು ಉಳಿಯುವುದಿಲ್ಲ ಎಂದು ಗೊತ್ತಾದಾಗ ಲಾಂದ್ರದವಳ ಫೋಟೋ ಹಾಕಿ, ಚೆನ್ನಾಗಿ ನೋಡಿಕೊಳ್ಳುವವರಿಗೆ ಕೊಡುತ್ತೇನೆ ಎಂದು ಬರೆದ. ಒಂದು ಗಂಟೆಯೊಳಗೆ ಭೂತಗನ್ನಡಿಯ ತೀರ್ಪು ಬಂತು: ನಕಲಿ ಮಾಲು, ಇವರನ್ನು ನಂಬಬೇಡಿ. ಸಂಜೆಗೆ ತಮ್ಮನನ್ನು ಬಳಗದಿಂದ ತೆಗೆದುಹಾಕಿದರು.

ಆಮೇಲೆ ಮೂರು ತಿಂಗಳು ಆ ಫೋನು ಸದ್ದು ಮಾಡಲಿಲ್ಲ. "ಅಕ್ಕಾ, ನಾನು ಮೋಸಗಾರ ಅಲ್ಲ ಕಣೇ," ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಹಾಗೆ ಹೇಳುತ್ತಲೇ ತೀರಿಕೊಂಡ.

ಭೂತಗನ್ನಡಿ ತಲೆ ತಗ್ಗಿಸಿ ಎಲ್ಲ ವಿವರಿಸಿದ. ಹೊಸಬರಿಗೆ ತೋರಿಸಲೆಂದು ನಕಲಿ ಗೊಂಬೆಗಳನ್ನು ಕೊಂಡಿಡುವುದು ಅವನ ರೂಢಿ. ಇದನ್ನೂ ಹಾಗೇ ತರಿಸಿದ್ದ. ಕೈಗೆತ್ತಿಕೊಂಡ ಕೂಡಲೇ ತೂಕ ಸರಿ ಅನ್ನಿಸಿತಂತೆ. ಕೀಲುಗಳ ಹತ್ತಿರ ಒರಟು ಗೆರೆಯಿಲ್ಲ, ಅಗ್ಗದ ಪ್ಲಾಸ್ಟಿಕ್ಕಿನ ಘಾಟು ವಾಸನೆಯಿಲ್ಲ, ಪಾದದಡಿಯ ಕಂಪನಿ ಮುದ್ರೆ ಸ್ಪಷ್ಟವಾಗಿದೆ.

"ಎಡಗಣ್ಣು ಮಾತ್ರ ಯಾರೋ ಕೈಯಲ್ಲಿ ಬರೆದಿದ್ದಾರೆ. ಕಂಪನಿಯವರು ಕಣ್ಣು ಅಚ್ಚು ಹೊಡೀತಾರೆ. ಫೋಟೋದಲ್ಲಿ ಅದೊಂದನ್ನೇ ನೋಡಿ ತೀರ್ಪು ಕೊಟ್ಟುಬಿಟ್ಟೆ. ನನ್ನಿಂದ ತಪ್ಪಾಯ್ತು."

ಅವಳ ಕೈಯಲ್ಲಿ ಕುಂಚ ಇನ್ನೂ ಇತ್ತು.

ತಮ್ಮ ಆಸ್ಪತ್ರೆಯಲ್ಲಿದ್ದ ವಾರ... ಧೂಳು ಒರೆಸುವಾಗ ಗೊಂಬೆ ಬಿದ್ದು ಎಡಗಣ್ಣಿನ ಬಣ್ಣ ಎದ್ದುಹೋಗಿತ್ತು. ನೊಂದುಕೊಂಡಾನು ಎಂದು ಇದೇ ಕುಂಚದಲ್ಲಿ ತಿದ್ದಿ, ಏನೂ ಆಗದವಳಂತೆ ಕಪಾಟಿನಲ್ಲಿಟ್ಟಿದ್ದಳು. ಸಾವಿರ ಹಲ್ಲಿಗೆ ಬಣ್ಣ ಹೊಂದಿಸಿದ ಕೈ, ಯಾರಿಗೂ ತಿಳಿಯದು ಎಂದುಕೊಂಡಿದ್ದಳು. ತಮ್ಮನಿಗೂ ತಿಳಿಯಲಿಲ್ಲ.

"ಹೊರಗೆ ಹೋಗಿ," ಎಂದಳು. "ನನ್ನ ತಮ್ಮನನ್ನ ಕೊಂದೋರು ನೀವು."

ಹಾಗೆನ್ನುವಾಗ ಅವಳ ದನಿ ನಡುಗಿದ್ದು ಸಿಟ್ಟಿಗಲ್ಲ. ಅದು ಅವಳಿಗೊಬ್ಬಳಿಗೇ ಗೊತ್ತು, ಎಂದು ಅವಳು ತಿಳಿದಿದ್ದಳು.

ಪೆಟ್ಟಿಗೆಯನ್ನು ಮೇಜಿನ ಮೇಲೇ ಬಿಟ್ಟು ಹೋದವನು ಮುಂದಿನ ಶನಿವಾರ ಮತ್ತೆ ಬಂದ. ಬಳಗದಲ್ಲಿ ತಪ್ಪೊಪ್ಪಿಗೆ ಬರೆಯಲು ಅನುಮತಿ ಕೇಳಿದ. ಅವಳು ಬೇಡವೆಂದಳು, ಕಾರಣ ಹೇಳಲಿಲ್ಲ. ಅದರ ಮುಂದಿನ ಶನಿವಾರವೂ ಬಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂತ. ಎಂಥ ಹಟಮಾರಿ ಎಂದು ಲ್ಯಾಬಿನ ಯಜಮಾನಿ ಗೊಣಗಿ, ಕೊನೆಗೆ ಅವನಿಗೂ ಒಂದು ಲೋಟ ಚಹಾ ಹೇಳತೊಡಗಿದಳು.

ಕೂತಲ್ಲಿಂದಲೇ ಅವನು ಫೋನಿನಲ್ಲಿ ಹೊಸಬರಿಗೆ ಬುದ್ಧಿ ಹೇಳುತ್ತಿದ್ದ. ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದರೆ ಮರುಳಾಗಬೇಡಿ. ಕಂಪನಿಯ ಫೋಟೋ ತೋರಿಸಿದರೆ ಸಾಲದು, ಇವತ್ತಿನ ತಾರೀಖು ಬರೆದ ಚೀಟಿ ಪಕ್ಕದಲ್ಲಿಟ್ಟು ತೆಗೆದ ಫೋಟೋ ಕೇಳಿ. ಪಾದದಡಿ ನೋಡದೆ ನಾನು ಏನೂ ಹೇಳುವುದಿಲ್ಲ.

ಒಮ್ಮೆ ಒಂದು ಫೋಟೋ ಹಿಡಿದು ಅವನು ಬಹಳ ಹೊತ್ತು ತಲೆ ಕೆರೆದುಕೊಂಡಾಗ ಅವಳಿಗೆ ತಡೆಯಲಾಗಲಿಲ್ಲ. ಕೆನ್ನೆಯ ಬಣ್ಣ ಅಂಚಿನವರೆಗೂ ಒಂದೇ ಸಮ ಇದೆ, ನಿಜವಾದದ್ದರಲ್ಲಿ ತೆಳುವಾಗುತ್ತಾ ಹೋಗುತ್ತದಲ್ಲವೇ ಎಂದಳು. ಅವನ ಮುಖ ಅರಳಿತು. ಅವಳ ಎದೆಯೊಳಗೆ ಏನೋ ಹಗುರಾಯಿತು, ಮರುಕ್ಷಣವೇ ಎರಡರಷ್ಟು ಭಾರವಾಯಿತು. ಇವನಿಗೆ ನಿಜ ಗೊತ್ತಾದ ದಿನ ಈ ಬೆಂಚು ಖಾಲಿಯಾಗುತ್ತದೆ...

ಅವಳು ಬೇಡವೆಂದರೂ ಒಂದು ದಿನ ಅವನು ಬರೆದೇಬಿಟ್ಟ. ತಪ್ಪು ಪೂರ್ತಿ ನನ್ನದು, ಆ ಹುಡುಗ ಪ್ರಾಮಾಣಿಕ ಎಂದು. ಕಣ್ಣಿನ ಸುದ್ದಿಯನ್ನೇ ಎತ್ತಿರಲಿಲ್ಲ. ಬಳಗ ಅವನ ಮೇಲೆ ಹರಿಹಾಯ್ದಿತು. ಸತ್ತವನ ಶಾಪ ತಟ್ಟಲಿ ಎಂದರು. ಮರುವಾರ ಅವನು ಬಂದು ಕೂತಾಗ ಪಕ್ಕದಲ್ಲಿದ್ದ ಫೋನು ಒಮ್ಮೆಯೂ ಸದ್ದು ಮಾಡಲಿಲ್ಲ. ಅವನು ಮತ್ತೆಮತ್ತೆ ಎತ್ತಿ ನೋಡಿ ಕೆಳಗಿಡುತ್ತಿದ್ದ.

ಹಾಗೆ ಎತ್ತಿ ನೋಡುವ ಕೈಯನ್ನು ಅವಳು ಮೂರು ತಿಂಗಳು ನೋಡಿದ್ದಳು. ಇನ್ನೊಮ್ಮೆ ನೋಡಲಾರಳು.

ಎದ್ದು ಬಂದು ಬೆಂಚಿನಲ್ಲಿ ಕೂತಳು.

"ಆ ಕಣ್ಣು ಬರೆದಿದ್ದು ನಾನು."

"ಗೊತ್ತು."

ಅವಳು ಬೆಚ್ಚಿ ನೋಡಿದಳು. "ಯಾವಾಗಿಂದ?"

"ಮೊದಲ ದಿನವೇ. ನಿಮ್ಮ ಕೈಯಲ್ಲಿ ಕುಂಚ ಇತ್ತಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ನನ್ನ ಮೇಲೆ ಸಿಟ್ಟು ಮಾಡ್ಕೊಂಡಿರೋವರೆಗೆ ನೀವು ಹೇಗೋ ಬದುಕ್ತೀರಿ ಅನ್ನಿಸ್ತು. ನಿಮ್ಮ ಮೇಲೇ ಸಿಟ್ಟು ತಿರುಗಿದ್ರೆ..."

ತಮ್ಮನ ಸಾವಿನ ದಿನವೂ ಬಾರದ ಅಳು ಆಗ ಬಂತು. ಅತ್ತು ಮುಗಿಸಿ, ಅವನ ಫೋನು ಇಸಿದುಕೊಂಡು ಬಳಗಕ್ಕೆ ಬರೆದಳು: 'ನಾನು ಆ ಹುಡುಗನ ಅಕ್ಕ. ಗೊಂಬೆ ಬೀಳಿಸಿದ್ದು, ಕಣ್ಣು ತಿದ್ದಿದ್ದು, ಮುಚ್ಚಿಟ್ಟಿದ್ದು ನಾನು. ನನ್ನ ತಮ್ಮ ಮೋಸಗಾರ ಅಲ್ಲ.'

ಉತ್ತರ ಬರುತ್ತದೋ ಇಲ್ಲವೋ ಎಂದು ಕಾಯಲಿಲ್ಲ. ಫೋನು ಹಿಂದಿರುಗಿಸುತ್ತಾ ಕೇಳಿದಳು:

"ಇನ್ನು ಶನಿವಾರ ಬರೋದಿಲ್ಲ ಅಲ್ವಾ? ಬಂದ ಕೆಲಸ ಮುಗೀತು."

"ನಿಮ್ಮ ತಮ್ಮನಿಗೋಸ್ಕರ ಬಂದಿದ್ದು ಮೊದಲೆರಡು ವಾರ. ಆಮೇಲೆ ಬಂದಿದ್ದೆಲ್ಲ ನಿಮಗೋಸ್ಕರ."

ಅವಳು ಮೇಜಿನಿಂದ ಪೆಟ್ಟಿಗೆ ತಂದು ಲಾಂದ್ರದವಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಎಡಗಣ್ಣು ಬಲಗಣ್ಣಿಗಿಂತ ಒಂದು ಕೂದಲೆಳೆಯಷ್ಟು ದೊಡ್ಡದಿತ್ತು. ಇಷ್ಟು ದಿನ ಕಂಡೇ ಇರಲಿಲ್ಲ.

"ಇದನ್ನ ಅಳಿಸಿ ಸರಿಯಾಗಿ ಬರೀಲಾ?"

"ಬೇಡ. ಹಾಗೇ ಇರಲಿ."

"ಯಾರೂ ಕೊಳ್ಳೋದಿಲ್ಲ."

"ಮಾರೋದು ಯಾರು? ಚೆನ್ನಾಗಿ ನೋಡ್ಕೊಳ್ಳೋರು ಬೇಕು ಅಂತ ಅವನೇ ಕೇಳಿದ್ನಲ್ಲ," ಎಂದ ಅವನು. "ನಾವಿಬ್ಬರೂ ನೋಡ್ಕೊಳ್ಳೋಣ."

ಅವಳು ಗೊಂಬೆಯನ್ನು ಅವನ ಕೈಗಿತ್ತು, ಆ ಕೈಯನ್ನು ಬಿಡದೆ ಹಿಡಿದುಕೊಂಡಳು.

"ಬೀಳಿಸಬೇಡ," ಎಂದಳು.